ಒಂದೂಮುಕ್ಕಾಲು ಡಿಗ್ರಿ ಮತ್ತು ಕರ್ಕೇರ ಸರ್

ದೂರದ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳನ್ನು ಕುರಿತು ಕೆಲಸ ಮಾಡುವವರು ಇಂದು ನಮ್ಮ ದೇಶದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಗ್ರಹವನ್ನು ಕಣ್ಣಾರೆ ಕಂಡವರಲ್ಲ; ನಕ್ಷತ್ರದ ಬೆಳಕು ಕೊಂಚ ಮಂಕಾದದ್ದನ್ನೋ, ನಕ್ಷತ್ರವೇ ಕೊಂಚ ತೂಗಾಡಿದ್ದನ್ನೋ ಗಮನಿಸಿ, ಪಕ್ಕದಲ್ಲಿ ಗ್ರಹವಿರಲೇಬೇಕೆಂದು ಲೆಕ್ಕ ಹಾಕಿ ಹೇಳಿದವರು. ಗ್ರಹದ ಚಿತ್ರವನ್ನೇ ಎದುರಿಗಿಟ್ಟುಕೊಂಡು, ಅದು ವರ್ಷದಿಂದ ವರ್ಷಕ್ಕೆ ಎಷ್ಟು ಸರಿಯಿತೆಂದು ಅಳೆದು, ಆ ಅಳತೆಗಳಿಂದ ಅದರ ಕಕ್ಷೆಯನ್ನು ಕಟ್ಟುವವರು ಬೆರಳೆಣಿಕೆಯಷ್ಟು. ಅಂಥವರಲ್ಲಿ ಒಬ್ಬರು ದೊಡ್ಡ ಸಂಶೋಧನಾ ಸಂಸ್ಥೆಯ ಹವಾನಿಯಂತ್ರಿತ ಕೋಣೆಯಲ್ಲಿ ಕೂರದೆ, ಡೊಂಬಿವಲಿಯ ಒಂದು ಸಾಮಾನ್ಯ ಕಾಲೇಜಿನ ಎರಡನೆಯ ಮಹಡಿಯಲ್ಲಿ, ಫ್ಯಾನು ತಿರುಗಿದಾಗಲೆಲ್ಲ ಕಾಗದ ಹಾರುವ ಪ್ರಯೋಗಶಾಲೆಯಲ್ಲಿ ಕುಳಿತು ಈ ಕೆಲಸ ಮಾಡಿದರು. ಅವರೇ ಬರುವ ಮೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕ ಲೀಲಾಧರ ಕರ್ಕೇರರು, ನಮ್ಮೆಲ್ಲರ ಕರ್ಕೇರ ಸರ್.

ಈ ಅಭಿನಂದನ ಗ್ರಂಥದ ಸಂಪಾದಕರೂ ಠಾಣೆಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳೂ ಆದ ಶ್ರೀ ಮುರಾರಿಯವರು ಫೋನು ಮಾಡಿ, "ನೀವು ಅವರ ಮೊದಲ ಪಿಎಚ್.ಡಿ. ಸ್ಟೂಡೆಂಟ್ ಅಲ್ವಾ, ಒಂದು ನಾಲ್ಕು ಒಳ್ಳೆ ಮಾತು ಬರ್ದು ಕೊಡಿ" ಎಂದರು. ಒಳ್ಳೆಯ ಮಾತಿಗೇನೂ ಬರವಿಲ್ಲ. ಆದರೆ ಮೂವತ್ತೈದು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಹೇಳಿದ ಮನುಷ್ಯನನ್ನು ಸಜ್ಜನ, ಸರಳ, ನಿಗರ್ವಿ ಎಂಬ ಮೂರು ಪದಗಳ ಕೆಳಗೆ ಹೂತುಹಾಕಲು ನನಗೆ ಮನಸ್ಸಿಲ್ಲ. ಸರ್ ಒಮ್ಮೆ ತಮ್ಮ ಹೆಸರನ್ನೇ ಪಣಕ್ಕಿಟ್ಟರು. ಅದು ಸರಿಯಾಯಿತೋ ವ್ಯರ್ಥವಾಯಿತೋ ತಿಳಿಯಲು ಏಳೆಂಟು ವರ್ಷ ಕಾಯಬೇಕಾಯಿತು. ಆ ಕಥೆಯಲ್ಲಿ ನನ್ನದೊಂದು ತಪ್ಪೂ ಇದೆ. ಸರ್ ಅದನ್ನು ಇಂದಿನವರೆಗೆ ಯಾರ ಹತ್ತಿರವೂ ಆಡಿಲ್ಲ. ಅವರು ಆಡದೆ ಬಿಟ್ಟದ್ದನ್ನು ನಾನೇ ಇಲ್ಲಿ ಬರೆದುಬಿಡುತ್ತೇನೆ.

ಸರ್ ಹುಟ್ಟಿದ್ದು 1966ರ ಮೇ ತಿಂಗಳಲ್ಲಿ, ಠಾಣೆ ಪೂರ್ವದ ಕೋಪರಿಯ ಚಾಳಿನ ಒಂದು ಕೋಣೆಯಲ್ಲಿ. ತಂದೆ ಪಡುಬಿದ್ರಿ ಕಡೆಯಿಂದ ಬಂದು ಸ್ಟೇಷನ್ ಹತ್ತಿರದ ಹೊಟೇಲಿನಲ್ಲಿ ಮೊದಲು ಮಾಣಿಯಾಗಿ, ಕ್ರಮೇಣ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ತಾಯಿ ಅಕ್ಕು ಅವರು ಓದುಬರಹ ಕಲಿಯದಿದ್ದರೂ ಮಗನ ಪುಸ್ತಕಕ್ಕೆ ವರ್ಷಕ್ಕೊಮ್ಮೆ ತಾವೇ ಹೊದಿಕೆ ಹಾಕುತ್ತಿದ್ದರಂತೆ. ಮನೆಯಲ್ಲಿ ತುಳು, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಸರ್ 1991ರಲ್ಲಿ ಡೊಂಬಿವಲಿಯ ಕಾಲೇಜಿಗೆ ಭೌತಶಾಸ್ತ್ರದ ಉಪನ್ಯಾಸಕರಾಗಿ ಸೇರಿದರು. ಬೆಳಗಿನ ಹೊತ್ತು ಇಡೀ ಡೊಂಬಿವಲಿ ಮುಂಬಯಿಯ ಕಡೆ ನುಗ್ಗುತ್ತಿರುವಾಗ ಇವರು ಠಾಣೆಯಿಂದ ಎದುರು ದಿಕ್ಕಿನ ಲೋಕಲ್ಲಿನಲ್ಲಿ ಬರುತ್ತಿದ್ದರು. ಕಿಟಕಿಯ ಸೀಟು ಖಾಯಂ. ಆ ಸೀಟಿನಲ್ಲಿ ಕುಳಿತು ಅವರು ತಿದ್ದಿದ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ, ಆ ಪತ್ರಿಕೆಗಳ ಮೇಲೆ ಬಿದ್ದ ಚಹಾದ ಕಲೆಗಳಿಗೂ ಲೆಕ್ಕವಿಲ್ಲ.

2008ರಲ್ಲಿ ಒಂದು ವರ್ಷದ ಫೆಲೋಶಿಪ್ ಮೇಲೆ ಹೊರದೇಶಕ್ಕೆ ಹೋದ ಸರ್ ಅಲ್ಲಿ ಗ್ರಹಗಳ ಚಿತ್ರ ಅಳೆಯುವ ವಿದ್ಯೆಯನ್ನು ಕಲಿತು ಬಂದರು. ಎದುರಿನಿಂದ ಬರುವ ಲೋಕಲ್ಲಿನ ಹೆಡ್‌ಲೈಟಿನ ಪಕ್ಕದಲ್ಲಿ ಯಾರೋ ಬೀಡಿ ಹಚ್ಚಿದ್ದನ್ನು ಪ್ಲಾಟ್‌ಫಾರ್ಮಿನ ತುದಿಯಿಂದ ಗುರುತಿಸುವಷ್ಟು ಕಷ್ಟದ ಕೆಲಸ ಅದು. ಕ್ಯಾಮೆರಾದ ಒಳಗೇ ಒಂದು ಮರೆಯಿಟ್ಟು ನಕ್ಷತ್ರದ ಬೆಳಕನ್ನು ತಡೆಯುತ್ತಾರೆ. ಮರೆಯ ಸುತ್ತ ಸೋರಿದ ಪ್ರಭೆಯನ್ನು ಲೆಕ್ಕ ಹಾಕಿ ಕಳೆಯುತ್ತಾರೆ. ಕಡೆಗೆ ಉಳಿಯುವ ಮಸುಕು ಚುಕ್ಕೆ ಗ್ರಹ. ನಕ್ಷತ್ರ ಎಳೆಯದಾಗಿದ್ದರೆ ಇದು ಸಾಧ್ಯ, ಏಕೆಂದರೆ ಅದರ ಗ್ರಹಗಳು ಹುಟ್ಟಿದಾಗಿನ ಬಿಸಿಯಿಂದ ಇನ್ನೂ ಆರಿರುವುದಿಲ್ಲ, ತಮ್ಮ ಕಾವಿನಿಂದಲೇ ಹೊಳೆಯುತ್ತವೆ. ಸರ್ ಆರಿಸಿಕೊಂಡ ನಕ್ಷತ್ರಕ್ಕೆ ಎರಡು ಕೋಟಿ ವರ್ಷ, ನಕ್ಷತ್ರಗಳ ಆಯುಸ್ಸಿನಲ್ಲಿ ಇನ್ನೂ ಹಸುಗೂಸು. ಪಟ್ಟಿಯಲ್ಲಿ ಅದಕ್ಕಿದ್ದುದು ಉದ್ದದ ಒಂದು ನಂಬರು ಮಾತ್ರವಾದ್ದರಿಂದ ನಾವು ಅದನ್ನು "ಕೂಸು" ಎಂದೇ ಕರೆಯುತ್ತಿದ್ದೆವು. ಚಿತ್ರ ತೆಗೆಯುತ್ತಿದ್ದುದು ದಕ್ಷಿಣ ಗೋಳಾರ್ಧದ ದೊಡ್ಡ ದೂರದರ್ಶಕ, ಅಳೆಯುತ್ತಿದ್ದುದು ಡೊಂಬಿವಲಿಯ ನಾವು. ಹಾಗಾಗಿ ನಾವು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗಿನ ಖಗೋಳ ವಿಜ್ಞಾನಿಗಳು. ಮಧ್ಯೆ ಊಟದ ರಜೆಯೂ ಇತ್ತು.

ಕೂಸಿನ ಗ್ರಹದ ಮೊದಲ ಚಿತ್ರ ಬಂದದ್ದು 2009ರ ನವೆಂಬರಿನಲ್ಲಿ, ಎರಡನೆಯದು 2011ರಲ್ಲಿ. ಆ ಎರಡರಿಂದ ಸರ್ ಕಟ್ಟಿದ ಕಕ್ಷೆ ಮರುವರ್ಷ ಪ್ರಕಟವಾಯಿತು. ಊಟದ ತಟ್ಟೆಯನ್ನು ಓರೆಯಾಗಿ ಹಿಡಿದರೆ ಕಾಣುವಂತೆ ಆ ಕಕ್ಷೆ ನಮ್ಮ ಕಡೆಗೆ ತೆರೆದುಕೊಂಡಿದೆ, ಗ್ರಹ ಎಂದೂ ನಕ್ಷತ್ರದ ಮರೆಗೆ ಸೇರದೆ ನಮಗೆ ಯಾವಾಗಲೂ ಕಾಣುತ್ತಲೇ ಇರುತ್ತದೆ ಎಂಬುದು ಅದರ ಸಾರ. ಸಣ್ಣ ಕಾಲೇಜಿನ ಮೇಷ್ಟ್ರೊಬ್ಬರ ಲೇಖನವನ್ನು ಜಗತ್ತಿನ ದೊಡ್ಡ ದೊಡ್ಡ ತಂಡಗಳು ಉಲ್ಲೇಖಿಸತೊಡಗಿದವು. ಮುರಾರಿಯವರ ಸಂಘ ಶಾಲು ಹೊದಿಸಿ ಫಲಕ ಕೊಟ್ಟು ಸನ್ಮಾನಿಸಿತು. ಆ ದಿನ ಸಭೆಯ ಹಿಂದಿನ ಸಾಲಿನಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.

ನಾನು ಯಾರೆಂದು ಹೇಳಲಿಲ್ಲ. ನಾನು ಮಲ್ಲಿಕಾ ಹೊಸಮನಿ. ಸಿಂದಗಿ ಕಡೆಯ ನನ್ನ ಅಪ್ಪ ಯಂಕಪ್ಪ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲಾರಿಗೆ ಮೂಟೆ ಹೇರುವ ಹಮಾಲರು, ಅವ್ವ ಗುರಮ್ಮ ಅದೇ ಕಡೆ ಕಟ್ಟಡದ ಕೆಲಸ ಮಾಡಿದವಳು. 2009ರಲ್ಲಿ ಬಿ.ಎಸ್‌ಸಿ.ಗೆ ಸೇರಿದಾಗ ಇಂಗ್ಲಿಷಿನ ಪಾಠ ಒಂದಕ್ಷರವೂ ತಲೆಗೆ ಹತ್ತದೆ ಕಾರಿಡಾರಿನಲ್ಲಿ ಅಳುತ್ತ ನಿಂತಿದ್ದೆ. ಸರ್ ಹತ್ತಿರ ಬಂದು, "ಎಂತಕ್ಕೆ ಅಳುದು? ಕನ್ನಡ ಬರ್ತದಾ?" ಎಂದರು. ಅಂದಿನಿಂದ ಮೂರು ವರ್ಷ, ತರಗತಿಯ ಪಾಠ ಮುಗಿದ ಮೇಲೆ, ಅದೇ ಪಾಠವನ್ನು ಕಾರಿಡಾರಿನ ಕಿಟಕಿಗೆ ಒರಗಿ ನಿಂತು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. ಅವರ ಮಡದಿ ಕಾಂಚನಕ್ಕ ಸರ್ ಅವರ ಡಬ್ಬಿಯಲ್ಲಿ ನನಗಾಗಿ ಎರಡು ನೀರುದೋಸೆ ಹೆಚ್ಚಿಗೆ ಕಳಿಸುತ್ತಿದ್ದರು, ನನ್ನನ್ನು ಕಣ್ಣಿಂದ ನೋಡುವುದಕ್ಕೂ ಮೊದಲೇ. ಈ ದೋಸೆಯ ಋಣವನ್ನು ಯಾವ ಲೇಖನವೂ ತೀರಿಸಲಾರದು.

ಪಿಎಚ್.ಡಿ.ಗೆ ಹೆಸರು ಹಚ್ಚಿಸುವ ಮೊದಲು ಅಪ್ಪ ಒಂದು ರವಿವಾರ ಕಾಲೇಜಿಗೆ ಬಂದು ಸರ್ ಎದುರು ಕುಳಿತರು. ಗ್ರಹದ ಚಿತ್ರವನ್ನು ಬಹಳ ಹೊತ್ತು ನೋಡಿ, "ಇಷ್ಟ ಅಲ್ರಿ ಸರ? ಕಂಡದಲ್ಲ. ಮತ್ತ ನಾಕು ವರ್ಷ ಇಕಿ ಏನ್ ನೋಡ್ತಾಳ್ರಿ?" ಎಂದು ಕೇಳಿದರು. ಸರ್ ನಗಲಿಲ್ಲ. "ಅದು ನಡೆಯುದನ್ನು ನೋಡುದು ಯಂಕಪ್ಪನವರೇ. ಕಂಡವರು ಸುಮಾರು ಜನ ಇದ್ದಾರೆ, ಎಲ್ಲಿಗೆ ಹೋಗ್ತದೆ ಅಂತ ಹೇಳುವವರು ಕಡಿಮೆ" ಎಂದರು. ಅಪ್ಪನಿಗೆ ಅದು ನ್ಯಾಯವಾದ ಮಾತೆನಿಸಿರಬೇಕು. ಎದ್ದು ಕೈಮುಗಿದು ಹೋದರು.

ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಪ್ರತಿಯೊಂದು ಚಿತ್ರವನ್ನೂ ಇಬ್ಬರು ಅಳೆಯಬೇಕು. ಒಬ್ಬರ ಅಂಕಿಯನ್ನು ಇನ್ನೊಬ್ಬರು ನೋಡಕೂಡದು. ಎರಡೂ ವಹಿಯಲ್ಲಿ ಬರೆದಾದ ಮೇಲಷ್ಟೇ ಹೋಲಿಸಬೇಕು. ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದೆಂದು ಸರ್ ಅವರಿಗೆ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ಆದರೆ ಇಷ್ಟೆಲ್ಲ ಎಚ್ಚರದ ನಡುವೆ ಒಂದು ಸಂದು ಉಳಿದಿತ್ತು. ಕ್ಯಾಮೆರಾವನ್ನು ದೂರದರ್ಶಕಕ್ಕೆ ಕೂಡಿಸಿದಾಗ ಅದು ಸ್ವಲ್ಪ ಓರೆಯಾಗಿಯೇ ಕೂರುತ್ತದೆ. ಆದ್ದರಿಂದ ಚಿತ್ರದಲ್ಲಿ ಮೇಲುಗಡೆ ಕಾಣುವುದು ಆಕಾಶದ ನಿಜವಾದ ಉತ್ತರವಲ್ಲ. ಎಷ್ಟು ಓರೆ ಎಂಬ ಅಂಕಿಯನ್ನು ಪ್ರತಿ ಅಳತೆಗೂ ಸೇರಿಸಬೇಕು. ಆ ಅಂಕಿಗಳನ್ನು ಸರ್ ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆದು ಸ್ಟೀಲ್ ಕಪಾಟಿನ ಬಾಗಿಲಿಗೆ ಅಂಟಿಸಿದ್ದರು. ಅಳೆಯುವವರು ಇಬ್ಬರಾದರೂ ಉತ್ತರ ದಿಕ್ಕನ್ನು ತೆಗೆದುಕೊಳ್ಳುತ್ತಿದ್ದುದು ಆ ಒಂದೇ ಹಾಳೆಯಿಂದ.

2013ರಲ್ಲಿ ಮೂರನೆಯ ಚಿತ್ರ ಬಂತು. ಅದು ಮಸುಕಾಗಿತ್ತು, ಯಾವ ಕಕ್ಷೆಯ ಮೇಲೆ ಕೂರಿಸಿದರೂ ಕೂರುವಂಥದ್ದು. ನಾಲ್ಕನೆಯದು 2016ರ ನವೆಂಬರಿನಲ್ಲಿ ಬಂತು, ತೊಳೆದಿಟ್ಟಷ್ಟು ಸ್ವಚ್ಛ. ಸರ್ ಆಗ ಪರೀಕ್ಷಾ ವಿಭಾಗದ ಹೊಣೆ ಹೊತ್ತು ಒದ್ದಾಡುತ್ತಿದ್ದುದರಿಂದ ಮೊದಲು ನಾನೊಬ್ಬಳೇ ಅಳೆದೆ. ಗ್ರಹ ಸರ್ ಅವರ ಕಕ್ಷೆಯಿಂದ ಹೊರಗಿತ್ತು. ಇನ್ನೊಮ್ಮೆ ಅಳೆದೆ, ಹೊರಗೇ. ಮೂರನೆಯ ಸಲ ಅಳೆದು ಎದ್ದು ನೀರು ಕುಡಿದು ಬಂದೆ. ನನ್ನ ಮಹಾಪ್ರಬಂಧವನ್ನು 2017ರ ಜೂನ್ ಮುಗಿಯುವುದರೊಳಗೆ ಸಲ್ಲಿಸಿದರೆ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯ ಹುದ್ದೆ ಸಿಗುವುದು ನಿಶ್ಚಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕಾರಿಡಾರಿನಲ್ಲಿ ನಿಂತು ನನಗೆ ಪಾಠ ಹೇಳಿದವರ ಗೆರೆ ತಪ್ಪು ಎನ್ನಲು ನಾನು ಯಾರು? ನಾನು ನಾಲ್ಕನೆಯ ಚಿತ್ರವನ್ನು ಪ್ರಬಂಧದಿಂದ ಬಿಟ್ಟೆ. ವಹಿಯಲ್ಲಿ "ಮೋಡ" ಎಂದು ಬರೆದೆ. ಇದೇ ನನ್ನ ತಪ್ಪು.

ಏಪ್ರಿಲ್‌ನಲ್ಲಿ ಕರಡು ಓದಿದ ಸರ್ ನನ್ನನ್ನು ಕರೆದರು.

"ಮಲ್ಲಿಕಾ, ಇದ್ರಲ್ಲಿ ಮೂರೇ ಪಾಯಿಂಟ್ ಉಂಟಲ್ಲ. ಕಳೆದ ನವೆಂಬರಿದ್ದು ಎಲ್ಲಿ ಹೋಯ್ತು?"

"ಅದು ಚಲೋ ಬಂದಿಲ್ರಿ ಸರ. ಮೋಡ ಇತ್ತು."

"ಮೋಡ ಇತ್ತು ಅಂತ ಯಾರು ಹೇಳಿದ್ದು?"

ದೂರದರ್ಶಕದ ದಿನಚರಿಯ ಪ್ರತಿ ಅವರ ಕೈಯಲ್ಲೇ ಇತ್ತು. ಆಕಾಶ ನಿರ್ಮಲ ಎಂದು ಅದರಲ್ಲಿ ಬರೆದಿತ್ತು. ನನಗೆ ನೆಲ ಬಾಯ್ಬಿಡಬಾರದೇ ಅನಿಸಿತು.

"ಅಳೆದದ್ದು ಉಂಟಾ ಇಲ್ವಾ?" ಎಂದರು.

"ಅಳದೀನ್ರಿ. ಮೂರು ಸಲ ಅಳದೆ. ನಿಮ್ಮ ಗೆರಿ ಮ್ಯಾಲೆ ಕೂಡ್ಲಿಲ್ರಿ."

"ಮತ್ತೆ ಬಿಟ್ಟದ್ದು ಯಾಕೆ ಮಾರಾಯ್ತಿ?"

"ನಿಮ್ದು ತಪ್ಪದ ಅಂತ ಹೆಂಗ ಅನ್ಲಿರಿ ಸರ?"

ಬೈಗುಳ ಬೀಳುತ್ತದೆಂದು ಕಾದೆ, ಬೀಳಲಿಲ್ಲ. ಅವರು ಕಂಪ್ಯೂಟರಿನ ಎದುರು ಕುಳಿತು ಆ ಚಿತ್ರವನ್ನು ತಾವೇ ಅಳೆದು, ಅಂಕಿಯನ್ನು ತಮ್ಮ ವಹಿಯಲ್ಲಿ ಬರೆದು, ಆಮೇಲೆ ನನ್ನ ವಹಿ ತೆರೆಸಿ ನೋಡಿದರು. ಎರಡೂ ಕೂದಲೆಳೆಯಷ್ಟೂ ಬೇರೆ ಇರಲಿಲ್ಲ. "ನೀನು ಸರಿಯೇ ಅಳೆದದ್ದು. ಹಾಗಾದ್ರೆ ಬೇರೆ ಎಲ್ಲೋ ಉಂಟು" ಎಂದಷ್ಟೇ ಹೇಳಿ ಎದ್ದರು.

ಮೂರು ವಾರ ಅವರು ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದರು. ಗ್ರಹದ ಚಿತ್ರ ತೆಗೆಯುವ ಮೊದಲು ಕ್ಯಾಮೆರಾ ಯಾವುದಾದರೊಂದು ಪರಿಚಿತ ನಕ್ಷತ್ರಗುಚ್ಛದ ಚಿತ್ರವನ್ನೂ ತೆಗೆದಿರುತ್ತದೆ. ಆ ಗುಚ್ಛದಲ್ಲಿ ಯಾವ ನಕ್ಷತ್ರ ಎಲ್ಲಿದೆಯೆಂದು ಲೋಕಕ್ಕೆಲ್ಲ ಗೊತ್ತು. 2009ರ ಗುಚ್ಛವನ್ನು ಹೊಸದಾಗಿ ಅಳೆದಾಗ ಅದು ಒಂದೂಮುಕ್ಕಾಲು ಡಿಗ್ರಿ ತಿರುಗಿ ನಿಂತಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ದೂರದರ್ಶಕದವರು ಕ್ಯಾಮೆರಾವನ್ನು ದುರಸ್ತಿಗೆಂದು ಬಿಚ್ಚಿ ಮತ್ತೆ ಕೂಡಿಸಿದ್ದರು. ಹಾಗೆಂದು ಪತ್ರವನ್ನೂ ಕಳಿಸಿದ್ದರು. ಕಪಾಟಿನ ಹಾಳೆಯಲ್ಲಿ ಮುಂದಿನ ವರ್ಷಗಳ ಅಂಕಿಗಳು ಸರಿಯಾಗಿಯೇ ಇದ್ದವು, 2009ರ ನವೆಂಬರಿನ ಎದುರಿಗೆ ಮಾತ್ರ ದುರಸ್ತಿಗೆ ಮೊದಲಿನ ಹಳೆಯ ಅಂಕಿಯೇ ಉಳಿದಿತ್ತು.

"ತಪ್ಪು ನಂದು" ಎಂದರು ಸರ್, ಆ ಹಾಳೆಯ ಎದುರು ನಿಂತು. ಮೊದಲ ಚುಕ್ಕೆಯನ್ನು ಒಂದೂಮುಕ್ಕಾಲು ಡಿಗ್ರಿ ಸರಿಸಿದ ಕೂಡಲೇ ನಾಲ್ಕೂ ಚುಕ್ಕೆಗಳು ನಕ್ಷತ್ರದ ಕಡೆಗೆ ನೇರವಾಗಿ ಸಾಲುಗಟ್ಟಿದವು. ತಟ್ಟೆ ತೆರೆದಿರಲಿಲ್ಲ, ಅಂಚು ನಮ್ಮ ಕಡೆಗಿತ್ತು. ಎಂದರೆ ಗ್ರಹ ದಿನೇ ದಿನೇ ನಕ್ಷತ್ರದ ಕಡೆಗೆ ಬರುತ್ತಿದೆ, ಇನ್ನೊಂದೆರಡು ವರ್ಷದಲ್ಲಿ ಅದರ ಪ್ರಭೆಯಲ್ಲಿ ಮುಳುಗಿ ಕಾಣದಾಗುತ್ತದೆ, 2025ರ ಹೊತ್ತಿಗೆ ಆಚೆ ಬದಿಯಲ್ಲಿ ಹೊರಬರಬೇಕು. ಬಂದರೆ ತಿದ್ದಿದ್ದು ಸರಿ. ಬಾರದಿದ್ದರೆ ಮೊದಲಿನದೂ ತಪ್ಪು, ತಿದ್ದಿದ್ದೂ ತಪ್ಪು. ಸರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಲ್ಲಿಯವರೆಗೆ ಯಾರಿಗೂ ಏನನ್ನೂ ತೋರಿಸುವಂತಿಲ್ಲ.

ಪ್ರಬಂಧವನ್ನು ಹೊಸ ಕಕ್ಷೆಗೆ ತಕ್ಕಂತೆ ತಿದ್ದಿ ಬರೆದರೆ ಜೂನ್ ತಪ್ಪುವುದು ಖಂಡಿತವಾದ್ದರಿಂದ, ಅದನ್ನು ಇದ್ದಂತೆಯೇ ಮೊದಲು ಸಲ್ಲಿಸೋಣ, ತಿದ್ದುಪಡಿಯನ್ನು ಆರು ತಿಂಗಳು ಬಿಟ್ಟು ಪ್ರಕಟಿಸೋಣ ಎಂದೆ. ಅದು ಕಷ್ಟವೇನೂ ಇರಲಿಲ್ಲ, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. "ಗೊತ್ತಾದ ಮೇಲೆ ನಾನು ಹೇಗೆ ಸೈನ್ ಹಾಕುದು ಮಲ್ಲಿಕಾ?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ತಪ್ಪಿಗೆ ನನ್ನ ನೌಕರಿ ಯಾಕ ಹೋಗಬೇಕ್ರಿ ಸರ?" ಎಂದುಬಿಟ್ಟೆ. ಸರ್ ಕುರ್ಚಿಯಲ್ಲಿ ಕುಳಿತರು. ನಾನು ಚೀಲ ಎತ್ತಿಕೊಂಡು ಹೊರಟವಳು ಎರಡು ತಿಂಗಳು ಆ ಮಹಡಿಯನ್ನು ಹತ್ತಲಿಲ್ಲ. ಜೂನ್ ಕಳೆಯಿತು. ಹುದ್ದೆ ಬೇರೊಬ್ಬರ ಪಾಲಾಯಿತು.

ಆ ಎರಡು ತಿಂಗಳು ಕಲ್ಯಾಣದ ಕೋಚಿಂಗ್ ಕ್ಲಾಸೊಂದರಲ್ಲಿ ಪಾಠ ಹೇಳಿದೆ, ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯ್ದೆ. ಒಂದು ದಿನ ಅಪ್ಪ ಎದುರಿಗೆ ಕೂರಿಸಿಕೊಂಡು ಕೇಳಿದಾಗ ಎಲ್ಲವನ್ನೂ ಹೇಳಿದೆ. ಅಪ್ಪನಿಗೆ ಡಿಗ್ರಿ, ಕಕ್ಷೆ ಯಾವುದೂ ಬೇಕಾಗಿರಲಿಲ್ಲ.

"ತಪ್ಪು ಯಾರ್ದಂದ್ರು?"

"ತಮ್ದೇ ಅಂದ್ರು."

"ಅವ್ರ ಬಾಯಿಂದ ಅವ್ರೇ ಅಂದ್ರ?"

"ಹೂಂ."

"ಇಪ್ಪತ್ತೆಂಟ ವರ್ಷ ಮೂಟಿ ಹೊತ್ತೀನವ್ವ. ಮೂಟಿ ಹರೀಲಿ, ಗಾಡಿ ತಪ್ಪಲಿ, ಕೈ ಮುರೀಲಿ, ತಪ್ಪು ಯಾವಾಗ್ಲೂ ಹಮಾಲಂದೇ. ಒಬ್ಬ ಸಾಹೇಬ ಎದ್ದು ನಿಂತು ತಪ್ಪು ನಂದು ಅಂದಿದ್ದು ನಾ ಕಂಡಿಲ್ಲ. ನಿನಗ ಅಂಥಾವ್ರೊಬ್ರು ಸಿಕ್ಕಾರ, ನೀ ಮಾರಿ ಉಬ್ಬಿಸ್ಕೊಂಡು ಮನ್ಯಾಗ ಕುಂತೀ?"

ಒಲೆಯ ಕಡೆಯಿಂದ ಅವ್ವ, "ನಾಳಿ ಹೋಗ್ತಾಳ ಬಿಡ್ರಿ" ಎಂದಳು. ಹೋದೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟಿನ ಬುಡದಲ್ಲಿದ್ದುದು ನಾಚಿಕೆ. ಅವರು ತಿಳಿಯದೆ ತಪ್ಪಿದ್ದರು, ನಾನು ತಿಳಿದೂ ಮುಚ್ಚಿಟ್ಟಿದ್ದೆ. ಸರ್ ನನ್ನನ್ನು ಕಂಡು, "ಬಂದ್ಯಾ? ಊಟ ಆಯ್ತಾ?" ಎಂದರು. ಕಾಂಚನಕ್ಕನ ಡಬ್ಬಿಯಲ್ಲಿ ಎರಡು ದೋಸೆ ಹೆಚ್ಚಿಗೆ ಇದ್ದವು. ಎರಡು ತಿಂಗಳೂ ಅವರು ಕಳಿಸುತ್ತಲೇ ಇದ್ದರಂತೆ, ಸರ್ ಅದನ್ನು ಪ್ಯೂನ್‌ಗೆ ಕೊಡುತ್ತಿದ್ದರಂತೆ.

ತಿದ್ದುಪಡಿ 2018ರಲ್ಲಿ ಪ್ರಕಟವಾಯಿತು. "ಈ ತಪ್ಪು ಎಲ್. ಕರ್ಕೇರರದು, ಇದನ್ನು ಹೊರಗೆಡಹಿದ ಅಳತೆ ಮಲ್ಲಿಕಾ ಹೊಸಮನಿಯವರದು" ಎಂದು ಅದರ ಮೊದಲ ಸಾಲು. ನಾನು ಆ ಅಳತೆಯನ್ನು ಮುಚ್ಚಿಟ್ಟಿದ್ದೆನೆಂಬ ಸುಳಿವು ಎಲ್ಲೂ ಇಲ್ಲ. 2009ರ ಆ ಪತ್ರ ಅವರ ಕಣ್ಣಿಗೆ ಬೀಳದಿದ್ದುದೇಕೆ ಎಂಬುದೂ ಇಲ್ಲ. ಅದನ್ನು ನನಗೆ ಬಹಳ ಕಾಲದ ಮೇಲೆ ಹೇಳಿದವರು ಕಾಂಚನಕ್ಕ: ಆ ಅಕ್ಟೋಬರ್ ಪೂರ್ತಿ ಸರ್ ಆಸ್ಪತ್ರೆಯಲ್ಲಿ ತಾಯಿ ಅಕ್ಕು ಅವರ ಮಂಚದ ಪಕ್ಕದಲ್ಲಿದ್ದರು, ನವೆಂಬರಿನ ಮೊದಲ ವಾರ ಆಕೆ ತೀರಿಕೊಂಡರು. "ಅದನ್ನಾದ್ರೂ ಬರೀಬಹುದಿತ್ತಲ್ಲ ಅಂತ ನಾನು ಹೇಳಿದೆ ಮಲ್ಲಿಕಾ. ಅಮ್ಮನ ಹೆಸ್ರಲ್ಲಿ ರಜೆಚೀಟಿ ಬರೀಲಿಕ್ಕೆ ಆಗುದಿಲ್ಲ ಅಂದ್ರು" ಎಂದು ಅಕ್ಕ ಕಣ್ಣೊರೆಸಿಕೊಂಡರು.

ತಿದ್ದುಪಡಿ ಹೊರಬಂದ ಮೇಲೆ ನಡೆದದ್ದನ್ನು ಅಭಿನಂದನ ಗ್ರಂಥದಲ್ಲಿ ಬರೆಯುವುದು ಶಿಷ್ಟಾಚಾರವಲ್ಲದಿದ್ದರೂ ಬರೆಯುತ್ತೇನೆ. ದೊಡ್ಡ ಸಮ್ಮೇಳನವೊಂದರಲ್ಲಿ ಇದೇ ಕಕ್ಷೆಯ ಕುರಿತು ಮಾತನಾಡಲು ಬಂದಿದ್ದ ಆಹ್ವಾನ ವಿನಯದ ಎರಡು ಸಾಲುಗಳೊಂದಿಗೆ ರದ್ದಾಯಿತು. ಉಲ್ಲೇಖಿಸುತ್ತಿದ್ದ ತಂಡಗಳು ಸುಮ್ಮನಾದವು. ಸರ್ ಮಾತ್ರ ಒಂದು ಶನಿವಾರ ಸಂಜೆ ಆರು ವರ್ಷದ ಹಿಂದಿನ ಶಾಲು, ಫಲಕಗಳನ್ನು ಕೈಚೀಲದಲ್ಲಿಟ್ಟುಕೊಂಡು ಸಂಘದ ಕಚೇರಿಗೆ ಹೋದರು. ಯಾವ ಕಕ್ಷೆಗಾಗಿ ಇದನ್ನು ಕೊಟ್ಟಿರೋ ಆ ಕಕ್ಷೆ ತಪ್ಪು, ಆದ್ದರಿಂದ ಇದು ನನ್ನದಲ್ಲ ಎಂದರು. ಮುರಾರಿಯವರು ಪೇಚಿಗೆ ಸಿಕ್ಕಿಕೊಂಡು, "ಶಾಲು ವಾಪಸ್ ತಗೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ ಮಾರಾಯ್ರೆ! ಯಾವ ರಿಜಿಸ್ಟ್ರಲ್ಲಿ ಬರೀಲಿ ನಾನು?" ಎಂದರಂತೆ. ಕಡೆಗೆ ಚಹಾ ಕುಡಿಸಿ, ಶಾಲನ್ನು ಮತ್ತೆ ಅದೇ ಚೀಲಕ್ಕೆ ತುಂಬಿ, ಸರ್ ಅವರನ್ನು ಕೋಪರಿಯ ಮನೆಬಾಗಿಲಿನವರೆಗೆ ಬಿಟ್ಟುಬಂದರು. ಸಂಪಾದಕರು ಈ ಪ್ಯಾರಾವನ್ನು ತೆಗೆದುಹಾಕದಿದ್ದರೆ ಅವರೂ ದೊಡ್ಡ ಮನುಷ್ಯರೇ.

ನನ್ನ ಪ್ರಬಂಧಕ್ಕೆ 2019ರಲ್ಲಿ ಪದವಿ ಬಂತು, ಮರುವರ್ಷ ನವಿ ಮುಂಬಯಿಯ ಬೇರೊಂದು ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಗ್ರಹ ಅಷ್ಟರಲ್ಲಿ ಪ್ರಭೆಯೊಳಗೆ ಮುಳುಗಿತ್ತು. ಸರ್ ವರ್ಷವರ್ಷವೂ ಚಿತ್ರ ತರಿಸಿದರು. ವರ್ಷವರ್ಷವೂ ಅದರಲ್ಲಿ ಏನೂ ಇರುತ್ತಿರಲಿಲ್ಲ. ಆ ಏನೂ ಇಲ್ಲದ್ದನ್ನೂ ಅವರು ಇಬ್ಬರಿಂದ ಅಳೆಸಿ, ನಕ್ಷತ್ರದಿಂದ ಇಷ್ಟು ದೂರದವರೆಗೆ ಹುಡುಕಿದೆವು, ಕಾಣಲಿಲ್ಲ ಎಂದು ವಹಿಯಲ್ಲಿ ಬರೆಸುತ್ತಿದ್ದರು. ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಗಳು ಚುಡಾಯಿಸುವರು: "ಕರ್ಕೇರ ಸರ್, ತುಮ್ಚಾ ಗ್ರಹ ಗಾವಾಲಾ ಗೇಲಾ ಕಾ?" ನಿಮ್ಮ ಗ್ರಹ ಊರಿಗೆ ಹೋಗಿದೆಯಾ ಎಂದು. "ಹೋ, ಗಣಪತಿ ಝಾಲ್ಯಾವರ್ ಯೇಯಿಲ್" ಎಂದು ಸರ್ ನಗುತ್ತಿದ್ದರು. ಗಣಪತಿ ಹಬ್ಬ ಮುಗಿಸಿಕೊಂಡು ಬರುತ್ತದೆ ಎಂದು. ಗಣಪತಿ ಬಂದ, ಹೋದ, ಮತ್ತೆ ಬಂದ. ನನಗೆ ನಗು ಬರುತ್ತಿರಲಿಲ್ಲ. ಆ ತಿದ್ದಿದ ಕಕ್ಷೆ ನಿಂತದ್ದು ನನ್ನ ಅಳತೆಯ ಮೇಲೆ. ಒಂದು ಸುತ್ತಿಗೆ ಐವತ್ತೇಳು ವರ್ಷ ಎಂದು ಲೆಕ್ಕ ಹಾಕಿದವಳೂ ನಾನೇ. ಅದು ಸುಳ್ಳಾದರೆ, ಒಬ್ಬ ಮನುಷ್ಯ ನನ್ನ ಮಾತಿಗಾಗಿ ತನ್ನ ಹೆಸರು ಕಳೆದುಕೊಂಡಂತಾಗುತ್ತಿತ್ತು. ಆ ಭಯವನ್ನು ನಾನು ಆ ವರ್ಷಗಳಲ್ಲಿ ಯಾರಿಗೂ ಹೇಳಿಕೊಳ್ಳಲಿಲ್ಲ.

ಕಳೆದ ಡಿಸೆಂಬರಿನ ಚಿತ್ರವೇ ನಿವೃತ್ತಿಗೆ ಮೊದಲು ಸರ್‌ಗೆ ಸಿಗಲಿದ್ದ ಕೊನೆಯದು. ಅಂದು ಮಧ್ಯಾಹ್ನ ರಜೆ ಹಾಕಿ, ವಾಶಿಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ ಎಂದು ಓಡಿಬಂದೆ. ಚಿತ್ರವನ್ನು ಶುದ್ಧಗೊಳಿಸುತ್ತಿದ್ದವಳು ಅನಘ, ಸರ್ ಮತ್ತು ನಾನು ಜೊತೆಯಾಗಿ ಮಾರ್ಗದರ್ಶನ ಮಾಡುತ್ತಿರುವ ಕಲ್ಯಾಣದ ಹುಡುಗಿ. ಮನೆಮಾತು ಕನ್ನಡವಾದರೂ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಉತ್ತರಿಸುವುದು ಮರಾಠಿಯಲ್ಲೇ. ಪ್ರಭೆ ಕಳೆಯುತ್ತ ಕಳೆಯುತ್ತ ಪರದೆ ಕಪ್ಪಾಯಿತು. ಈಚೆ ಬದಿಯಲ್ಲಿ ಏನೂ ಇಲ್ಲ. ಆಚೆ ಬದಿಯಲ್ಲಿ, ಎಂಟು ವರ್ಷದ ಹಿಂದೆ ನಾವು ಬೆರಳಿಟ್ಟು ತೋರಿಸಿದ್ದ ಕಡೆ, ಒಂದು ಮಸುಕು ಚುಕ್ಕೆ.

"ಸರ್, ದಿಸಲಾ!" ಎಂದು ಅನಘ ಕೂಗಿದಳು. ಕಂಡಿತು!

ಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಬಂತಲ್ಲ" ಎಂದರು. ನಾನು ನಾಚಿಕೆ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅನಘ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿ, ಏನೂ ಅರ್ಥವಾಗದೆ, ಅರ್ಧ ಲೋಟದ ಮೂರು ಕಟಿಂಗ್ ಚಹಾ ತರಲು ಕೆಳಗೆ ಹೋದಳು.

ಇಲ್ಲಿಗೇ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಮರುವಾರ ಅಳತೆಗಳನ್ನೆಲ್ಲ ಮುಗಿಸಿ, ಕಕ್ಷೆಯನ್ನು ಹೊಸದಾಗಿ ಕಟ್ಟಿದ ಅನಘ, ಸರ್ ಎದುರಿಗೇ ನನ್ನ ಕಡೆ ತಿರುಗಿ, "ಮ್ಯಾಡಮ್, ತುಮ್ಚಂ ಗಣಿತ್ ಚುಕ್ಲಂಯ್" ಎಂದಳು. ನಿಮ್ಮ ಲೆಕ್ಕ ತಪ್ಪಿದೆ. "ಸತ್ತಾವನ್ನ ನಾಹೀ, ಏಕ್‌ಸಷ್ಟ." ಐವತ್ತೇಳಲ್ಲ, ಅರುವತ್ತೊಂದು. ಗ್ರಹ ಬಂದದ್ದು ನಾನು ಹೇಳಿದ ಬದಿಯಲ್ಲೇ ಆದರೂ, ನಾನು ಹೇಳಿದ್ದಕ್ಕಿಂತ ನಿಧಾನವಾಗಿ ನಡೆಯುತ್ತಿದೆ. ಒಂದು ಗಳಿಗೆ ನನ್ನ ಮುಖ ಕೆಂಪಾದದ್ದು ನಿಜ. ಇಪ್ಪತ್ತಮೂರು ವರ್ಷದ ಹುಡುಗಿ, ಮಾರ್ಗದರ್ಶಕಿಗೆ, ಅದೂ ಹಿರಿಯರ ಎದುರಿಗೆ! ಆದರೆ ಅವಳ ಮುಖದಲ್ಲಿ ಹೆದರಿಕೆಯ ಲವಲೇಶವೂ ಇರಲಿಲ್ಲ. ತಪ್ಪು ಕಂಡಿತು, ಹೇಳಿದಳು. ಮೂರು ಸಲ ಅಳೆದು ನೀರು ಕುಡಿದು ಬರುವ ಗೋಜು ಅವಳಿಗೆ ಬೇಕಾಗಿರಲಿಲ್ಲ. ಸರ್ ಅವಳನ್ನೂ ನೋಡಿ ನನ್ನನ್ನೂ ನೋಡಿ, ಹದಿನಾರು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳದಷ್ಟು ಜೋರಾಗಿ ನಕ್ಕರು. "ಹೇಳಿದ್ಳಲ್ಲ ಮಲ್ಲಿಕಾ! ಹೇಳಿಯೇ ಬಿಟ್ಳಲ್ಲ!" ಎಂದರು. ಅವರು ಮೂವತ್ತೈದು ವರ್ಷ ಕಲಿಸಿದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು.

ಇನ್ನು ಹಾರೈಕೆ. ಹಿರಿಯರಿಗೆ ನೂರು ವರ್ಷ ತುಂಬಲಿ ಎನ್ನುವುದು ನಮ್ಮಲ್ಲಿ ನಡೆದುಬಂದ ರೂಢಿ. ಸರ್ ಅವರ ವಿದ್ಯಾರ್ಥಿನಿಯಾದ ನಾನು ಲೆಕ್ಕವಿಲ್ಲದೆ ಹಾರೈಸುವಂತಿಲ್ಲ. 2009ರ ನವೆಂಬರಿನಲ್ಲಿ, ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ, ಸರ್ ಮೊದಲ ಸಲ ಅಳೆದ ಜಾಗಕ್ಕೆ ಆ ಗ್ರಹ ಒಂದು ಪೂರ್ತಿ ಸುತ್ತು ಮುಗಿಸಿ ಹಿಂದಿರುಗುತ್ತದೆ. ಆ ಜಾಗವನ್ನು ಇನ್ನೊಮ್ಮೆ, ಈ ಸಲ ಸರಿಯಾದ ಉತ್ತರದೊಂದಿಗೆ, ಅವರೇ ಅಳೆಯಬೇಕು. ಅಲ್ಲಿಯವರೆಗೆ ಅವರು ಆರೋಗ್ಯವಾಗಿ, ಕೆಲಸ ಮಾಡುತ್ತ, ಕಾಂಚನಕ್ಕನ ಜೊತೆ ಸುಖವಾಗಿರಬೇಕು. ಅದು ನನ್ನ ಲೆಕ್ಕದಂತೆ 2066ರಲ್ಲಿ. ಆಗ ಸರ್‌ಗೆ ಸರಿಯಾಗಿ ನೂರು. ಅನಘಳ ಲೆಕ್ಕದಂತೆ 2070ರಲ್ಲಿ, ಆಗ ನೂರನಾಲ್ಕು. ನನ್ನ ಲೆಕ್ಕವೇ ತಪ್ಪಾಗಲಿ ಸರ್.